ಅಪ್ಪ ಮುರಿದ ಭುಜ

ಮೊನ್ನೆ ಅನಂತಪುರದಿಂದ ರಾಯದುರ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಹೆಂಗಸು ಚೀಲದಿಂದ ಒಂದು ಬಾಟಲಿ ತೆಗೆದು, ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ನೋವಿನೆಣ್ಣೆ ತಿಕ್ಕಿಕೊಳ್ಳತೊಡಗಿದಳು. ಕರ್ಪೂರ, ಬೆಳ್ಳುಳ್ಳಿ, ಇನ್ನೇನೋ ಸುಟ್ಟ ಬೇರಿನ ವಾಸನೆ ಬಸ್ಸೆಲ್ಲ ಹಬ್ಬಿತು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು, ಕಂಡಕ್ಟರ್ ಗೊಣಗಿದ. ನಾನು ಎರಡೂ ಮಾಡಲಿಲ್ಲ. ನನ್ನ ಕಿವಿ ಬಿಸಿಯಾದವು, ಅಷ್ಟೇ. ಹಬ್ಬಕ್ಕೊಂದು ವಾಸನೆ, ಮದುವೆಮನೆಗೊಂದು ವಾಸನೆ ಇರುವುದು ನಿಮಗೂ ಗೊತ್ತು. ನಾಚಿಕೆಗೂ ಒಂದಿದೆ. ನನ್ನ ನಾಚಿಕೆಯದು ಆ ಎಣ್ಣೆಯ ವಾಸನೆ.

ನಾನು ಒಂದು ಕಾಲದಲ್ಲಿ ಟೆನಿಸ್ ಆಡಿ ಹೊಟ್ಟೆ ಹೊರೆದವಳು. ಹೊರೆದೆ ಅನ್ನುವುದು ಸ್ವಲ್ಪ ದೊಡ್ಡ ಮಾತು. ಅರ್ಧ ಹೊಟ್ಟೆಯನ್ನು ಟೆನಿಸ್ ತುಂಬುತ್ತಿತ್ತು, ಉಳಿದರ್ಧವನ್ನು ಅಪ್ಪ ತುಂಬುತ್ತಿದ್ದ. ರಾಯದುರ್ಗದಲ್ಲಿ ಟೆನಿಸ್ಸೇ ಎಂದು ನೀವು ನಗಬಹುದು. ಆ ಊರಲ್ಲಿ ಹೊಲಿಯುವುದು ಬಿಟ್ಟರೆ ಬೇರೆ ಆಟವಿಲ್ಲ. ಓಣಿಗೊಂದು ಜೀನ್ಸ್ ಯೂನಿಟ್, ಮನೆಗೊಂದು ಮಿಷನ್. ಸಂಜೆ ಕೆಲಸ ಬಿಟ್ಟು ಬರುವವರ ರೆಪ್ಪೆಯ ಮೇಲೂ ನೀಲಿ ಧೂಳು ಕೂತಿರುತ್ತಿತ್ತು.

ನಾವು ಆ ಊರಿನವರಲ್ಲ. ಅಪ್ಪ ಮಡಕಶಿರದ ಬಸ್ ನಿಲ್ದಾಣದ ಹಿಂದೆ ರವಿಕೆ, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅಳತೆ ಕೊಡಲು ಬರುವವರು ಕಡಿಮೆಯಾದರು. ರಾಯದುರ್ಗದಲ್ಲಿ ಕೈ ಇದ್ದವನಿಗೆ ಕೆಲಸ ಇದೆಯೆಂದು ಯಾರೋ ಹೇಳಿದರು. ಟ್ರಂಕು, ಹೊಲಿಗೆ ಮಿಷನ್, ಅಮ್ಮ, ನಾನು, ಎಲ್ಲರೂ ಒಂದೇ ಲಾರಿಯಲ್ಲಿ ಬಂದೆವು. ಕನ್ನಡದಿಂದ ಕನ್ನಡಕ್ಕೇ ಬಂದರೂ ನನ್ನ ಬಾಯಿ ಒಗ್ಗಲಿಲ್ಲ. ನಾನು "ಅವ್ಳು ಬಂದವ್ಳೆ" ಅಂದರೆ ಓಣಿಯ ಹುಡುಗಿಯರು "ಬಂದವ್ಳೆ, ನಿಂತವ್ಳೆ" ಎಂದು ಕುಣಿಯುತ್ತಿದ್ದರು. ನಾಚಿಕೆಯ ಮೊದಲ ಪಾಠ ಅಲ್ಲೇ ಆಯಿತೆನ್ನಿ. ಅಪ್ಪ ಮಾತ್ರ ಬೇಗ ಮೇಲೆ ಬಂದ. ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಆದ. ಬಟ್ಟೆಯ ಥಾನಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುವ ದೊಡ್ಡ ಕೆಲಸ ಅದು. ಎಲ್ಲರೂ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು.

ಶಾಲೆಯ ಆಟೋಟದಲ್ಲಿ ನಾನು ಚೆಂಡನ್ನು ಕಾಂಪೌಂಡಿನ ಆಚೆಗೆ ಎಸೆದದ್ದನ್ನು ನೋಡಿ, ಅನಂತಪುರದ ಕ್ರೀಡಾ ಹಾಸ್ಟೆಲಿನವರೊಬ್ಬರು ನನ್ನನ್ನು ಆರಿಸಿಕೊಂಡು ಹೋದರು. ಅಲ್ಲಿ ಕೆಂಪು ಮಣ್ಣಿನ ಟೆನಿಸ್ ಅಂಕಣಗಳಿದ್ದವು. ಆಡಲು ಸ್ಕರ್ಟ್ ಬೇಕು ಅಂದಾಗ ಅಂಗಡಿಯದು ಯಾಕೆಂದು ಅಪ್ಪನೇ ಹೊಲಿದ. ಜೀನ್ಸ್ ಹೊಲಿದು ಹೊಲಿದು ಅವನ ಕೈಗೆ ಬೇರೆ ದಾರಿ ಮರೆತುಹೋಗಿತ್ತು. ಬಿಳಿ ಸ್ಕರ್ಟಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆ, ಹಿಂದೆ ಎರಡು ಜೇಬು, ಜೇಬಿನ ಮೂಲೆಗೆ ತಾಮ್ರದ ಗುಂಡಿ. ಅದನ್ನು ತೊಟ್ಟುಕೊಂಡೇ ನಾನು ರಾಜ್ಯಮಟ್ಟದ ಕಿರಿಯರ ಪಂದ್ಯ ಗೆದ್ದೆ. ಪೇಪರಿನಲ್ಲಿ ಬಂದ ಫೋಟೋವನ್ನು ಯೂನಿಟ್ಟಿನ ಕಟಿಂಗ್ ಟೇಬಲ್ಲಿನ ಎದುರಿನ ಗೋಡೆಗೆ ಅಂಟಿಸಿದರು.

ಆಮೇಲಿನದು ಏರುವ ದಾರಿ. ಪಂದ್ಯದಿಂದ ಪಂದ್ಯಕ್ಕೆ, ಊರಿಂದ ಊರಿಗೆ, ಎರಡನೇ ದರ್ಜೆಯ ರೈಲಿನಲ್ಲಿ ರ‍್ಯಾಕೆಟ್ಟುಗಳನ್ನು ತಬ್ಬಿಕೊಂಡು ನಿದ್ದೆ. ಇಪ್ಪತ್ತೆರಡರ ಹೊತ್ತಿಗೆ, ವಿದೇಶದ ಆಟಗಾರ್ತಿಯರೆಲ್ಲ ಬರುವ ಒಂದು ದೊಡ್ಡ ಟೂರ್ನಮೆಂಟಿಗೆ ಅರ್ಹತೆ ಗಳಿಸಿದೆ. ಮೊದಲ ಸುತ್ತಿನ ನನ್ನ ಆಟ ಟೀವಿಯಲ್ಲಿ ಬರುತ್ತದೆಂದು ಗೊತ್ತಾದಾಗ ಯೂನಿಟ್ಟಿನಲ್ಲಿ ಮಿಷನ್‌ಗಳು ನಿಂತವು. ಪೀಸಿಗಿಷ್ಟು ಎಂದು ಕೂಲಿ ಪಡೆಯುವ ಜನ ತಾವಾಗಿ ಮಿಷನ್ ನಿಲ್ಲಿಸಿದರು ಅಂದರೆ ಏನೆಂದು ಹೊಲಿಯುವವರಿಗೆ ಗೊತ್ತು. ಮಾಲೀಕರು ಮನೆಯಿಂದ ಟೀವಿ ತರಿಸಿದರು. ಥಾನುಗಳ ಮೇಲೆ, ಬಂಡಲುಗಳ ಮೇಲೆ ಎಲ್ಲರೂ ಕುಳಿತರು.

ನಾನು ಆರು-ಸೊನ್ನೆ, ಆರು-ಸೊನ್ನೆ ಸೋತೆ.

ಎದುರಿಗಿದ್ದ ವಿದೇಶದ ಹುಡುಗಿ ನನಗಿಂತ ಚಿಕ್ಕವಳು. ಅವಳ ಸರ್ವಿಸ್ ಬಂದದ್ದೇ ಕಾಣುತ್ತಿರಲಿಲ್ಲ, ಹೋದದ್ದು ಮಾತ್ರ ಕೇಳುತ್ತಿತ್ತು. ಪಂದ್ಯ ಒಂದು ಗಂಟೆಯೂ ನಡೆಯಲಿಲ್ಲ. ಸೋಲಿಗೂ ಒಂದು ಮರ್ಯಾದೆ ಇದೆ, ಆರು-ನಾಲ್ಕು, ಏಳು-ಐದು ಎಂದೆಲ್ಲ. ಸೊನ್ನೆಗೆ ಯಾವ ಮರ್ಯಾದೆಯೂ ಇಲ್ಲ. ಶವರಿನ ಕೆಳಗೆ ನಿಂತಾಗ ನನಗೆ ಕಾಣುತ್ತಿದ್ದದ್ದು ಒಂದೇ: ನಿಂತ ಮಿಷನ್‌ಗಳು.

ಕೆಲವು ದಿನ ಕಳೆದು ಧೈರ್ಯ ಮಾಡಿ ಊರಿಗೆ ಹೋದೆ. ಕತ್ತಲಾದ ಮೇಲೆ ಇಳಿಯಬೇಕೆಂದು ಲೆಕ್ಕ ಹಾಕಿ ಬಸ್ ಹತ್ತಿದ್ದೆ, ಬಸ್ಸು ಎಂದೂ ಇಲ್ಲದಂತೆ ಬೇಗ ಬಂತು. ಓಣಿಯ ತುದಿಯಲ್ಲಿ ಹಂಪಮ್ಮ ಸಿಕ್ಕಳು. ನಮ್ಮ ಪಕ್ಕದ ಮನೆಯವಳು, ಅಪ್ಪನ ಯೂನಿಟ್ಟಿನಲ್ಲೇ ಹೊಲಿಯುತ್ತಿದ್ದಳು. ನನ್ನ ಚೀಲವನ್ನು ಕೈಯಿಂದ ಕಿತ್ತುಕೊಂಡು, "ಯಾಕ ಹೊರತೀಯವ್ವ? ಭುಜ ಹೆಂಗೈತಿ ಈಗ?" ಅಂದಳು.

"ಭುಜಕ್ಕೇನಾಗಿದೆ?"

"ನೋಡ್ರಿ, ಎಷ್ಟು ಗಟ್ಟಿ ಹುಡುಗಿ! ಏನೂ ಆಗಿಲ್ಲ ಅಂತಾಳ."

ಇನ್ನೆರಡು ಮನೆ ದಾಟುವಷ್ಟರಲ್ಲಿ ಯೂನಿಟ್ ಮಾಲೀಕರು ಸ್ಕೂಟರ್ ನಿಲ್ಲಿಸಿ ತೆಲುಗಿನಲ್ಲಿ ವಿಚಾರಿಸಿದರು: "ಭುಜಂ ಎಲಾ ಉಂದಮ್ಮಾ?" ನಾನು ಮನೆಗೆ ಬಂದು ಅಮ್ಮನ ಮುಖ ನೋಡಿದೆ. ಅಮ್ಮ ಒಲೆಯ ಕಡೆ ತಿರುಗಿ, "ನಿಮ್ಮಪ್ಪನ್ನ ಕೇಳು. ನಂಗೇನೂ ಗೊತ್ತಿಲ್ಲ ಕಣಮ್ಮ," ಅಂದಳು.

ಯೂನಿಟ್ಟಿನಿಂದ ಬಂದ ಅಪ್ಪ ಬಹಳ ಹೊತ್ತು ಶರ್ಟಿನ ತೋಳಿನ ನೀಲಿ ಧೂಳು ಕೊಡವಿದ. ಆಮೇಲೆ ಹೇಳಿದ. ಮೊದಲ ಸೆಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಗಿತ್ತಂತೆ. ಎಲ್ಲರೂ ಕತ್ತಲೆ ಟೀವಿಯ ಮುಂದೆಯೇ ಕಾದು ಕುಳಿತಿದ್ದರಂತೆ. ಅಷ್ಟರಲ್ಲಿ ನನ್ನ ಕೋಚ್ ಫೋನ್ ಮಾಡಿ ಅಪ್ಪನಿಗೆ ವಿಷಯ ಹೇಳಿದ್ದರು.

"ಫೋನ್ ಕೆಳಗಿಟ್ಟೆ. ಅಷ್ಟೂ ಜನ ನನ್ ಮಕಾನೇ ನೋಡ್ತಾವ್ರೆ. ಮಿಷನ್ ನಿಲ್ಸಿ ಕುಂತವ್ರೆ. ಸೊನ್ನೆ ಅಂತ ಹೆಂಗೇಳ್ಲಿ ಕಣಮ್ಮ? ಭುಜ ಜಾರ‍್ತು, ಇಲ್ದಿದ್ರೆ ಗೆಲ್ತಿದ್ಲು ಅಂತ ಬಾಯಿಗ್ ಬಂತು. ಹೇಳ್ಬುಟ್ಟೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ನನ್ನ ಸೋಲನ್ನು ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ನನಗಿಂತ ಮೊದಲೇ ಅದು ಈ ಮನುಷ್ಯನ ಬಾಯಿಯಿಂದ ಸುಳ್ಳಾಡಿಸಿತ್ತು. ಎಂದೂ ಅಳತೆ ತಪ್ಪಿ ಕತ್ತರಿಸದವನು, ನನಗೋಸ್ಕರ ತಪ್ಪಿ ಕತ್ತರಿಸಿದ್ದ.

ಮರುದಿನ ಬೆಳಿಗ್ಗೆ ಹಂಪಮ್ಮ ತನ್ನ ಅಣ್ಣನನ್ನು ಕರೆತಂದಳು. ಗುಮ್ಮಘಟ್ಟದ ಕಡೆ ಕುರಿ ಮೇಯಿಸುವವನು, ಮೂಳೆ ಕಟ್ಟುವುದರಲ್ಲಿ ಕೈ ಒಳ್ಳೆಯದು. "ಕುರಿಗೂ ಕಟ್ಟತಾನ, ಮನಿಷ್ಯಾಗೂ ಕಟ್ಟತಾನ. ಭೇದ ಇಲ್ಲ," ಎಂದು ಪರಿಚಯಿಸಿದಳು. ನಾನು ಅಪ್ಪನನ್ನು ನೋಡಿದೆ, ಅಪ್ಪ ಕ್ಯಾಲೆಂಡರ್ ನೋಡಿದ. ಆ ಪುಣ್ಯಾತ್ಮ ನನ್ನ ಗಟ್ಟಿಮುಟ್ಟಾದ ಬಲಭುಜವನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣು ಮುಚ್ಚಿ, "ಎಳ್ಳಷ್ಟು ಸರದೈತ್ರಿ," ಅಂದ. ಅವನಿಗೆ ಸಿಕ್ಕಿಯೇಬಿಟ್ಟಿತ್ತು! ಕರ್ಪೂರ, ಬೆಳ್ಳುಳ್ಳಿ, ಸುಟ್ಟ ಬೇರಿನ ಎಣ್ಣೆ ಸುರಿದು ನನ್ನ ಕಣ್ಣಲ್ಲಿ ನೀರು ಬರುವ ತನಕ ತಿಕ್ಕಿದ. ಮೊಟ್ಟೆಯ ಬಿಳಿ ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕಟ್ಟು ಬಿಚ್ಚುವ ತನಕ ನಾನು ಎಡಗೈಯಲ್ಲಿ ಮುದ್ದೆ ಮುರಿದೆ. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಕಟ್ಟನ್ನು ಮುಟ್ಟಿ ಹೋದರು. ಅವರಲ್ಲೊಬ್ಬಳು, "ಟೀವಿಯಾಗ ಆ ಇಂಗ್ಲಿಷ್ ಮಂದಿ ನಿನಗ ಲವ್ ಲವ್ ಅನ್ನಾಕತ್ತಿದ್ರು. ಅವರಿಗೂ ನಿನ್ನ ಮ್ಯಾಲೆ ಪ್ರೀತಿ ಐತಿ," ಎಂದು ಸಮಾಧಾನ ಹೇಳಿದಳು. ಟೆನಿಸ್ಸಿನಲ್ಲಿ ಸೊನ್ನೆಗೆ ಲವ್ ಅನ್ನುತ್ತಾರೆಂದು ನಾನು ಹೇಳಲಿಲ್ಲ. ಹೌದೆಂಬಂತೆ ತಲೆಯಾಡಿಸಿದೆ.

ನಾನು ಬಿಡಲಿಲ್ಲ, ಆಡಿದೆ. ಮುಂದೆ ಒಂದು ಸಣ್ಣ ಟೂರ್ನಮೆಂಟನ್ನು ಗೆದ್ದೆ ಕೂಡ. ನೋಡಲು ಹತ್ತಾರು ಜನ, ಟೀವಿಯಿಲ್ಲ, ಕೊಟ್ಟ ಕಪ್ ಗೇಣುದ್ದ. ಆದರೂ ಅದು ನನ್ನದು, ಚೊಕ್ಕ ಗೆಲುವು. ಅದನ್ನೆತ್ತಿಕೊಂಡು ಊರಿಗೆ ಬಂದರೆ ಹಂಪಮ್ಮ ಓಣಿಗೆಲ್ಲ ಸಾರಿದಳು: "ಆ ಭುಜ ಇಟಗೊಂಡು ಗೆದ್ದಾಳ್ರಿ! ನೆಟ್ಟಗಿದ್ದಿದ್ರ ಇನ್ನ ಏನ್ ಮಾಡತಿದ್ಳೋ!" ಗೆದ್ದವಳು ನಾನಲ್ಲ, ಇಲ್ಲದ ನೋವನ್ನು ನುಂಗಿಕೊಂಡು ಆಡಿದ ಇನ್ಯಾವಳೋ. ಸೋತಾಗ ನಾಚಿದ್ದಕ್ಕಿಂತ ಆ ಕಪ್ಪನ್ನು ಹಿಡಿದು ನಿಂತಾಗ ಹೆಚ್ಚು ನಾಚಿದೆ.

ಮತ್ತೆ ಇಳಿಜಾರು. ಸೋತ ಪಂದ್ಯಗಳು ಒಂದರ ಬೆನ್ನಿಗೊಂದು ಬಂದವು. ಒಂದು ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ಸರ್ವಿಸ್‌ಗೆಂದು ಕೈ ಎತ್ತಿದೆ. ಒಳಗೆ ಹಳೆಯ ಬಟ್ಟೆ ಹರಿದ ಹಾಗೆ ಸದ್ದಾಯಿತು. ಬಲಭುಜ. ಡಾಕ್ಟರು ಆಪರೇಷನ್ ಮಾಡಿದರು, ಕೈ ಮೊದಲಿನಂತೆ ಏಳುವುದಿಲ್ಲ ಎಂದೂ ಹೇಳಿದರು. ಅಪ್ಪನಿಗೆ ಫೋನ್ ಮಾಡಿ, "ಭುಜ ಹೋಗಿದೆಯಪ್ಪ," ಅಂದೆ.

"ನನ್ ನಾಲ್ಗೆ ಮ್ಯಾಲೆ ಮಚ್ಚೆ ಐತೆ ಕಣಮ್ಮ," ಅಂದ. "ನಾನಂದಿದ್ದೇ ಆಗೋಯ್ತು."

ಅದೆಲ್ಲ ಮೂಢನಂಬಿಕೆ ಎಂದು ನಾನು ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಅಂದಿನಿಂದ ಅಪ್ಪ ಟೆನಿಸ್ಸಿನ ಮಾತೇ ಎತ್ತಲಿಲ್ಲ. ಗೋಡೆಯ ಫೋಟೋ ತಾನೇ ಕಿತ್ತ. ಊರಿಗೆ ನನ್ನ ಆಪರೇಷನ್ ಹೊಸ ಸುದ್ದಿಯೇ ಆಗಲಿಲ್ಲ, ಹಳೇ ಪೆಟ್ಟು ತಿರುಗಿ ಬಂತೆಂದುಕೊಂಡರು. ನಿಜವಾದ ನೋವಿಗೆ ಯಾರೂ ಎಣ್ಣೆ ತರಲಿಲ್ಲ; ಅದನ್ನು ಆಗಲೇ ತಿಕ್ಕಿ ಮುಗಿಸಿದ್ದರು. ನಾನು ಅನಂತಪುರದಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದೆ. ಅಪ್ಪನೂ ನಾನೂ ಫೋನಿನಲ್ಲಿ ಮಳೆ, ಕರೆಂಟು, ಅಮ್ಮನ ಮಂಡಿನೋವು ಮಾತಾಡುತ್ತ ವರ್ಷಗಳನ್ನು ದಾಟಿಸಿದೆವು.

ಹಾಗೆ ಮೊನ್ನೆ ಬಸ್ಸಿಳಿದು ಮನೆಗೆ ಹೋದರೆ, ಅಪ್ಪನನ್ನು ಊಟಕ್ಕೆ ಕರೆದು ತಾ ಎಂದು ಅಮ್ಮ ಯೂನಿಟ್ಟಿಗೆ ಅಟ್ಟಿದಳು. ಅಪ್ಪನಿಗೆ ಈಗ ಕತ್ತರಿ ಹಿಡಿಯಲಾಗದು, ಆದರೂ ದಿನಾ ಹೋಗಿ ಕೂರುತ್ತಾನೆ. ಹಂಪಮ್ಮನೂ ಮಿಷನ್ ಬಿಟ್ಟು ದಾರ ಕತ್ತರಿಸುವ ಕೆಲಸಕ್ಕೆ ಬಂದಿದ್ದಾಳೆ. ನಾನು ಹೋದಾಗ ಊಟದ ಬಿಡುವು. ಹೆಂಗಸರೆಲ್ಲ ಹೊಲಿದ ಪ್ಯಾಂಟುಗಳ ರಾಶಿಗೆ ಒರಗಿಸಿದ ಒಂದು ಫೋನಿನ ಸುತ್ತ ಕುಳಿತಿದ್ದರು.

"ಬಾರವ್ವ, ಬಾ! ನಮ್ಮ ಶಾರದಾ ನಿನ್ನ ಆಟ ಹುಡುಕ್ಯಾಳ," ಎಂದು ಹಂಪಮ್ಮ ಕೂಗಿದಳು. ಶಾರದಾ ಅವಳ ಸೊಸೆ. "ಅವತ್ತು ಕರೆಂಟ್ ಹೋಗಿ ಅರ್ಧಕ್ಕ ನಿಂತಿತ್ತಲ್ಲ, ಅದು. ಈಗ ಪೂರಾ ನೋಡೂಣು."

ಅಪ್ಪ ಗೋಡೆ ಹಿಡಿದು ಏಳುತ್ತಿದ್ದ. "ನಂಗೆ ಕಣ್ಣು ಕಾಣಕಿಲ್ಲ. ನೀವ್ ನೋಡ್ರಿ," ಅಂದ. ಅವನ ಮುಖ ಬಿಳಿಚಿಕೊಂಡಿತ್ತು. ಫೋನನ್ನು ಕಿತ್ತುಕೊಳ್ಳುವುದು ನನಗೆ ಕಷ್ಟವಿರಲಿಲ್ಲ. ನಕ್ಕು, ಹೊತ್ತಾಯಿತೆಂದು ಅಪ್ಪನನ್ನು ಎಳೆದುಕೊಂಡು ಹೋಗಬಹುದಿತ್ತು. ಯಾಕೋ ಅವನ ಮೊಣಕೈ ಹಿಡಿದು ಕೂರಿಸಿ ಪಕ್ಕದಲ್ಲಿ ನಾನೂ ಕುಳಿತೆ.

ಅಂಗೈಯಗಲದ ಪರದೆಯಲ್ಲಿ ಇಪ್ಪತ್ತೆರಡರ ನಾನು ಓಡುತ್ತಿದ್ದೆ. ಪ್ರತಿ ಪಾಯಿಂಟ್ ಸೋತ ಮೇಲೂ ತಪ್ಪೆಲ್ಲ ಅವುಗಳದೇ ಎಂಬಂತೆ ರ‍್ಯಾಕೆಟ್ಟಿನ ತಂತಿಗಳನ್ನು ಪರೀಕ್ಷಿಸುತ್ತಿದ್ದೆ. ಮೊದಮೊದಲು ಹೆಂಗಸರು ಕೂಗಿದರು, ಆಮೇಲೆ ಸುಮ್ಮನಾದರು. ಕೊನೆಯ ಚೆಂಡು ನೆಟ್ಟಿಗೆ ಬಡಿಯಿತು. ನಾನು ಆ ಹುಡುಗಿಯ ಕೈ ಕುಲುಕಿದೆ, ಭಾರದ ಚೀಲವನ್ನೆತ್ತಿ ಬಲಭುಜಕ್ಕೇ ಹಾಕಿಕೊಂಡು ಸರಸರನೆ ಹೊರಟೆ. ಪರದೆ ಕಪ್ಪಾಯಿತು.

ಶಾರದಾ ಕೇಳಿದಳು, "ಭುಜ ಯಾವಾಗ ಹೋತ್ರಿ, ಕಾಣಲೇ ಇಲ್ಲಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. "ಹೋಗ್ಲಿಲ್ಲಮ್ಮ. ಅವತ್ತು ನಾನ್ ಹೇಳಿದ್ದು ಸುಳ್ಳು. ನನ್ ಮಗಳು ಸೋತ್ಲು. ಸೊನ್ನೆಗೆ ಸೋತ್ಲು."

ಆಚೆ ಕೋಣೆಯಲ್ಲಿ ಯಾರೋ ಊಟ ಮುಗಿಸಿ ಮಿಷನ್ ತುಳಿಯುವುದು ಕೇಳಿಸಿತು. ಹಂಪಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಅದು ಹೌದ್ರಿ ಮಾಸ್ಟರ್," ಅಂದಳು. "ಆಕಿ ಭಾಳ ಚೊಲೋ ಆಡಿದ್ಳು ಬಿಡ್ರಿ, ಆ ಬಿಳೀ ಹುಡುಗಿ." ಆಮೇಲೆ ನನ್ನ ಕಡೆ ತಿರುಗಿ, "ಆಕಿ ಈಗ ಏನ್ ಮಾಡತಾಳವ್ವ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಒಂದು ಗಂಟೆಯನ್ನು ತಿರುತಿರುಗಿ ನೆನೆದಿದ್ದೆ, ಅದರಲ್ಲಿ ಎದುರಿಗೊಬ್ಬಳು ಇದ್ದಳೆಂಬುದನ್ನು ಮಾತ್ರ ನೆನೆದಿರಲಿಲ್ಲ. ಅಷ್ಟೂ ಕಾಲ ನನ್ನ ನಾಚಿಕೆ ಅಂಕಣದಲ್ಲಿ ಒಬ್ಬಂಟಿಯಾಗಿ ಆಡುತ್ತಿತ್ತು.

ಮನೆಯ ದಾರಿಯಲ್ಲಿ ಅಪ್ಪ ನನ್ನ ಮುಂದೆ ನಡೆಯುತ್ತಿದ್ದವನು ನಿಂತ. ಕೈಯನ್ನು ಗಾಳಿಯಲ್ಲಿ ಸ್ವಲ್ಪ ಎತ್ತಿ, ಇಳಿಸಿ, ಕೇಳಿದ: "ಆ ಹುಡ್ಗಿ ಸರ್ವಿಸ್ ಹೊಡೀತಿದ್ಲಲ್ಲ, ಚೆಂಡು ಬಗ್ಗಿ ಹೋಗೋದು. ಅದೆಂಗ್ ಹೊಡೆಯೋದು?"

ನಾನು ಓಣಿಯ ನಡುವೆ ಚೀಲ ಕೆಳಗಿಟ್ಟು, ಕಾಲು ಅಗಲಿಸಿ, ಇಲ್ಲದ ಚೆಂಡನ್ನು ಎಡಗೈಯಿಂದ ಮೇಲೆಸೆದು ಬಲಗೈ ಎತ್ತಿದೆ. ಕೈ ಕಿವಿಯ ತನಕ ಬಂದು ನಿಂತಿತು.

"ಇಷ್ಟೇ ಏಳೋದು," ಅಂದೆ.

"ಸಾಕು ಬಿಡು," ಅಂದ ಅಪ್ಪ, "ಗೊತ್ತಾಯ್ತು. ಇನ್ನೊಂದ್ ಸಲ ನಿಧಾನಕ್ಕೆ ತೋರ್ಸು."