ಟ್ಯಾಂಕಿನ ಮೇಲಿನ ತೋಟ, ಕೆಳಗಿನ ಸಂಪಿಗೆ

ಗಿರಿಜಮ್ಮನವರು ಗಿಡಗಳನ್ನೂ ಮನುಷ್ಯರನ್ನೂ ಒಂದೇ ದನಿಯಲ್ಲಿ ಗದರುತ್ತಿದ್ದರು. ಗೋಪಾಳ ಬಡಾವಣೆಯ ನಮ್ಮ ಬೀದಿಯ ಕೊನೆಗೆ ನೆಲದ ಮೇಲೇ ಕಟ್ಟಿದ ದೊಡ್ಡ ನೀರಿನ ಟ್ಯಾಂಕು. ಅದರ ತಾರಸಿಗೆ ಮಣ್ಣು ಹರಡಿ ಪಾರ್ಕು ಮಾಡಿದ್ದರು. ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಅವರ ಗದರಿಕೆ ಕೇಳುತ್ತಿತ್ತು. ವಾಕಿಂಗಿಗೆಂದು ಹೋದ ನನ್ನ ಕೈಗೆ ನೀರಿನ ಪೈಪು ಬಂದದ್ದೂ ಹಾಗೆಯೇ.

ಅವರ ಯಜಮಾನರು ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿದ್ದವರು. ನಿವೃತ್ತರಾದ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಇಬ್ಬರೂ ಇಲ್ಲಿಗೆ ಬಂದರು. ಹೊಸ ಮನೆಯಲ್ಲಿ ಅಂಗೈಯಗಲ ಮಣ್ಣಿರಲಿಲ್ಲ; ಗಿರಿಜಮ್ಮ ಪಾರ್ಕಿನ ಗಿಡಗಳನ್ನೇ ನೋಡಿಕೊಳ್ಳತೊಡಗಿದರು. ಕ್ವಾರ್ಟರ್ಸಿನಲ್ಲಿ ತಾವೇ ಬೆಳೆಸಿದ ಸಂಪಿಗೆ ಮರವನ್ನು ಬಿಟ್ಟು ಬಂದ ಸಂಕಟ ದಿನಕ್ಕೊಮ್ಮೆಯಾದರೂ ಅವರ ಮಾತಿನಲ್ಲಿ ಬರುತ್ತಿತ್ತು.

ಪಾರ್ಕಿನ ದೊಡ್ಡ ತಲೆನೋವೆಂದರೆ ಪೂಜೆಗೆ ಹೂ ಕೊಯ್ಯುವವರು. ಬೋರ್ಡು ಹಾಕಿಸೋಣ ಎಂದೆ. "ಬೋರ್ಡು ಯಾರ್ ಓದ್ತಾರೆ ಮಾರಾಯ? ಮೆಟ್ಟಿಲ ಪಕ್ಕದ್ದು ದೇವರಿಗೆ, ಒಳಗಿಂದು ನಮಗೆ," ಎಂದವರು ಇಡೀ ತೋಟವನ್ನೇ ಬದಲಿಸಿದರು. ಮೆಟ್ಟಿಲ ಪಕ್ಕ ದಾಸವಾಳ, ನಂದಿಬಟ್ಟಲು, ಕಣಗಿಲೆ. ಒಳಗೆಲ್ಲ ಯಾರೂ ದೇವರಿಗೆ ಏರಿಸದ ಕಾಗದದ ಹೂ, ಕ್ರೋಟನ್, ಟೇಬಲ್ ರೋಸ್. ಕೊಯ್ಯುವವರು ಮೆಟ್ಟಿಲ ಬಳಿಯೇ ಚೀಲ ತುಂಬಿಕೊಂಡು ಇಳಿಯತೊಡಗಿದರು. ಒಳಗಿನ ಹೂ ಉಳಿಯಿತು.

ಇಷ್ಟು ಜಾಣೆಯಾದ ಗಿರಿಜಮ್ಮ ಸಂಪಿಗೆಯ ವಿಷಯಕ್ಕೆ ಮಾತ್ರ ಮಗುವಾಗಿಬಿಟ್ಟರು. ಆ ಹಳೆಯ ಮರದ ಬೀಜದಿಂದ ಎಬ್ಬಿಸಿದ ಸಸಿಯನ್ನು ಕ್ರೋಟನ್ ಮರೆಯಲ್ಲಿ ಕದ್ದು ನೆಟ್ಟರು. ಸೊಂಟದೆತ್ತರ ಬಂದಾಗ ಅದು ಟ್ಯಾಂಕು ನೋಡಲು ಬಂದ ನೀರು ಸರಬರಾಜಿನ ಎಂಜಿನಿಯರ್ ಕಣ್ಣಿಗೆ ಬಿತ್ತು. ಬೇರು ಇಳಿದರೆ ತಾರಸಿ ಬಿರುಕು ಬಿಡುತ್ತದೆ, ಕೆಳಗಿರುವುದು ಜನ ಕುಡಿಯುವ ನೀರು, ಕಿತ್ತುಬಿಡಿ ಎಂದರು. ಗಿರಿಜಮ್ಮ ಬೇರಿನ ಮಣ್ಣು ಕಳಚದಂತೆ ತಾವೇ ಎಬ್ಬಿಸಿ, ನನ್ನಿಂದ ಹೊರಿಸಿ, ಟ್ಯಾಂಕಿನಿಂದ ಎರಡು ಮಾರು ದೂರ, ಮೆಟ್ಟಿಲ ಪಕ್ಕದ ನೆಲದಲ್ಲಿ ನೆಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವನಂತಿದ್ದೆ.

ಬರಬರುತ್ತ ಮಂಡಿನೋವು ಅವರಿಗೆ ಮೆಟ್ಟಿಲು ಬಿಡಿಸಿತು. ಸಸಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೆಳಗಿನಿಂದಲೇ ನಮ್ಮನ್ನು ಗದರುತ್ತಿದ್ದರು. ಕೊನೆಯ ಸಲ ಮಾತಾಡಿದಾಗ ಸಂಪಿಗೆ ಟ್ಯಾಂಕಿನ ಅರ್ಧದಷ್ಟು ಎತ್ತರಕ್ಕೆ ಬಂದಿತ್ತು.

"ನನ್ನ ಕೈಲಿ ಹತ್ತಕ್ಕಾಗಲ್ಲ. ಇದು ಹತ್ತುತ್ತೆ, ನೋಡ್ತಿರು," ಎಂದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈ ಸಲ ಸಂಪಿಗೆಯ ಕೊಂಬೆಯೊಂದು ತಾರಸಿಯಂಚಿನ ಕಂಬಿ ದಾಟಿ ಪಾರ್ಕಿನೊಳಕ್ಕೆ ಚಾಚಿ, ಮೊದಲ ಹೂ ಬಿಟ್ಟಿತು. ಮೊನ್ನೆ ಬೆಳಿಗ್ಗೆ ಹೆಂಗಸೊಬ್ಬರು ಅದಕ್ಕೆ ಕೈ ಹಾಕಿದರು. ನಾನು ಗಿರಿಜಮ್ಮನವರಂತೆಯೇ ಗದರಿಬಿಟ್ಟೆ. ಆಮೇಲೆ, ಕೊಂಬೆ ಬಂದಿರುವುದು ಮೆಟ್ಟಿಲ ಪಕ್ಕಕ್ಕೆ ಎಂಬುದು ಹೊಳೆಯಿತು. ಅವರ ಲೆಕ್ಕದಲ್ಲಿ ಅದು ದೇವರ ಪಾಲು. ಆ ಹೆಂಗಸಿನ ಕೈಗೆಟುಕುವಂತೆ ಕೊಂಬೆ ಬಗ್ಗಿಸಿ ಹಿಡಿದೆ. ಕೆಳಗೆ ಗಿರಿಜಮ್ಮ ಕೂರುತ್ತಿದ್ದ ಜಾಗ ಕಾಣಿಸಿ, ಅಲ್ಲಿಂದ ಅವರು ಸುಮ್ಮನೆ ಒಮ್ಮೆ ನನ್ನನ್ನು ಗದರಬಾರದಿತ್ತೇ ಅನ್ನಿಸಿತು.