ನಾನು ಎಣಿಸಿದ ಕಾಯಿಗಳು

ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಡೆಯುವ ಹೊತ್ತಿಗೆ ನಾನು ಬೀದಿಗೆ ಹೋಗಿ ನಿಲ್ಲುತ್ತೇನೆ. ತುಮಕೂರಿನಲ್ಲಿ ಹುಟ್ಟಿ, ತೆಂಗಿನ ಸೀಮೆಯ ಅನ್ನ ತಿಂದು, ಚಟ್ನಿಯಿಲ್ಲದೆ ದೋಸೆ ಮುಟ್ಟದ ಮನುಷ್ಯ ಹೀಗೆ ಮಾಡಿದರೆ ಹೆಂಡತಿಗೆ ಅನುಮಾನ ಬರುವುದು ಸಹಜವೇ. ಎಲ್ಲಿ ಒಡೆದುಕೊಡಿ ಎಂದು ಕೇಳಿಬಿಡುತ್ತಾಳೋ ಎಂಬ ಸೋಮಾರಿತನ ಇದು ಎಂದು ಅವಳು ಬಹಳ ದಿನ ನಂಬಿದ್ದಳು. ಅದು ಪೂರ್ತಿ ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಬೇರೆ. ಕಾಯಿ ಕಲ್ಲಿಗೆ ಬಡಿದ ಸದ್ದು ಕಿವಿಗೆ ಬಿದ್ದರೆ ನನ್ನ ಬಾಯಿ ತಾನಾಗಿ ‘ಒಂದು’ ಎನ್ನುತ್ತದೆ. ಹಾಗೆಂದ ದಿನ ನನಗೆ ಸಂಜೆಯವರೆಗೂ ಸಿಟ್ಟು ಇಳಿಯುವುದಿಲ್ಲ, ಪಾಪ, ಶಾಲೆಯ ಹುಡುಗರು ಅದನ್ನು ಅನುಭವಿಸುತ್ತಾರೆ.

ಸಿಟ್ಟು ಯಾರ ಮೇಲೆ ಎಂದು ಕೇಳಿ. ಮೊದಲು ನನ್ನ ಗಂಟಲಿನ ಮೇಲೆ. ದೇವರು ನನಗೆ ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ತಲೆಯ ಮೇಲೆ ಇದ್ದ ನಾಲ್ಕು ಕೂದಲನ್ನೂ ಬೇಗ ವಾಪಸ್ಸು ತೆಗೆದುಕೊಂಡ. ಅದಕ್ಕೆಲ್ಲ ಸೇರಿಸಿ ಒಂದು ದೊಡ್ಡ ದನಿ ಕೊಟ್ಟ. ನಾನು ತರಗತಿಯಲ್ಲಿ ಮಗ್ಗಿ ಹೇಳಿಸಿದರೆ ಎದುರು ಬೀದಿಯ ಕ್ಷೌರದಂಗಡಿಯವನಿಗೂ ಬಾಯಿಪಾಠವಾಗುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಕಡೆ ಕುಸ್ತಿಯ ಹುಚ್ಚು ಬಲವಾಗಿತ್ತು. ಧ್ವನಿವರ್ಧಕ ಮಾತ್ರ ಅಪರೂಪ. ಹಾಗಾಗಿ ಕುಸ್ತಿ ನಡೆಸುವವರು ತಗಡಿನ ಕಹಳೆಯೊಂದನ್ನು ನನ್ನ ಕೈಗೆ ಕೊಟ್ಟು ಅಖಾಡದ ಅಂಚಿನಲ್ಲಿ ಮೇಜು ಹತ್ತಿಸುತ್ತಿದ್ದರು. ಜನ್ಮದಲ್ಲಿ ಒಂದು ಬಸ್ಕಿ ಹೊಡೆಯದ ನಾನು ಮೇಜಿನ ಮೇಲಿಂದ ಪೈಲ್ವಾನರಿಗೆ ಪೌರುಷ ಬೋಧಿಸುತ್ತಿದ್ದೆ.

ಆ ಕಾಲದಲ್ಲಿ ನಮ್ಮೂರಿನ ಹೆಮ್ಮೆಯೆಂದರೆ ಇಮಾಮ್ ಪೈಲ್ವಾನರು. ಹಗಲು ಸೈಕಲ್ ರಿಪೇರಿ, ಬೆಳಿಗ್ಗೆ ಸಂಜೆ ಗರಡಿ. ಗರಡಿಯ ಹನುಮಂತನ ಪಟಕ್ಕೆ ಕೈಮುಗಿಯುವವರ ಪಕ್ಕದಲ್ಲಿ ನಿಂತು ಅವರು ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಹೆಂಡ ಹಾಗಿರಲಿ, ಬೀಡಿಯ ಹೊಗೆ ಬಂದರೂ ಎದ್ದು ಆಚೆ ಹೋಗುವ ಮನುಷ್ಯ. ಅವರ ಹೆಂಡತಿ ಜೈಬುನ್ನೀಸಾ ನಮ್ಮ ಮನೆಯ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದುದರಿಂದ ಎರಡೂ ಮನೆಗಳಿಗೆ ಹೋಗಿಬರುವ ಬಳಕೆಯಿತ್ತು.

ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಎದುರಾಳಿ ಎತ್ತಿ ಒಗೆದಾಗ ತಲೆ ನೆಲಕ್ಕೆ ಬಡಿದು ಪೈಲ್ವಾನನಿಗೆ ಎಚ್ಚರ ತಪ್ಪಿದರೆ, ಕುಸ್ತಿ ಕಲಿಸುವ ವಸ್ತಾದರು ಓಡಿಬಂದು ಅಖಾಡದ ಕೆಮ್ಮಣ್ಣನ್ನೇ ಅವನ ಕಪಾಳಕ್ಕೆ ತಿಕ್ಕುವರು. ಮುಖಕ್ಕೆ ಒಂದು ಚೊಂಬು ನೀರು. ತಮಟೆ ನಿಲ್ಲುವುದರೊಳಗೆ ಅವನು ಎದ್ದು ತೊಡೆ ತಟ್ಟಬೇಕು, ತಟ್ಟದಿದ್ದರೆ ಮಣ್ಣಿಗೆ ಅವಮಾನ. ತಮಟೆಯವರೂ ಕರುಣಾಳುಗಳು, ಅವನು ಏಳುವವರೆಗೆ ಕೈ ಸೋತರೂ ಬಾರಿಸುತ್ತಲೇ ಇರುತ್ತಿದ್ದರು. ಇಮಾಮ್ ಪೈಲ್ವಾನರು ಹಾಗೆ ಎಷ್ಟು ಸಲ ಎದ್ದು ತೊಡೆ ತಟ್ಟಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ನಾನು ಕಹಳೆಯಲ್ಲಿ, ನೋಡಿ ಮಹಾಜನಗಳೇ, ಇದು ತಲೆಯಲ್ಲ, ಬಂಡೆ, ಎಂದು ಕೂಗುತ್ತಿದ್ದೆ.

ಈ ಮಾತೇ ಮುಳುವಾಯಿತು. ತಲೆ ಬಂಡೆಯಾದರೆ ಅದರ ಮೇಲೆ ಕಾಯಿ ಒಡೆಯಬಹುದಲ್ಲ ಎಂದು ಯಾರಿಗೋ ಹೊಳೆಯಿತು. ತೆಂಗಿನ ಸೀಮೆಯವರಿಗಲ್ಲದೆ ಬೇರೆ ಯಾರಿಗೆ ಹೊಳೆದೀತು ಹೇಳಿ. ಅಲ್ಲಿಂದ ಮುಂದೆ ಕುಸ್ತಿ ಮುಗಿದ ಮೇಲೆ ಪೈಲ್ವಾನರು ಅಖಾಡದ ನಡುವೆ ಮಂಡಿಯೂರಿ ಕೂರುವುದು, ಶಿಷ್ಯನೊಬ್ಬ ಎರಡೂ ಕೈಯಲ್ಲಿ ಕಾಯಿ ಹಿಡಿದು ನೆತ್ತಿಗೆ ಬಡಿಯುವುದು, ನಾನು ಎಣಿಸುವುದು. ನಾನು ‘ಒಂದು’ ಎಂದಾಗ ಅವರು ತಲೆ ಬಗ್ಗಿಸುವರು, ಆಮೇಲೆ ಕಾಯಿ ಬೀಳುವುದು. ತುಮಕೂರಿನಲ್ಲಿ ಏಳಾದರೆ ಗುಬ್ಬಿಯವರು ಒಂಬತ್ತು ಕೇಳುವರು. ಗುಬ್ಬಿಯಲ್ಲಿ ಒಂಬತ್ತಾಯಿತಂತೆ ಎಂದರೆ ಕುಣಿಗಲ್ಲಿನವರು ಸುಮ್ಮನಿರುವರೇ, ಹನ್ನೊಂದು ಕಾಯಿ ಜೋಡಿಸಿಟ್ಟು ಕಾಯುವರು. ಕಾಯಿಯ ಚೂರುಗಳನ್ನು ಜನ ಪ್ರಸಾದದ ಹಾಗೆ ಮನೆಗೆ ಒಯ್ಯುತ್ತಿದ್ದರು. ನಾನೂ ಒಯ್ದಿದ್ದೇನೆ, ಆ ಚೂರಿನ ಚಟ್ನಿಯನ್ನೂ ತಿಂದಿದ್ದೇನೆ.

ಆಟ ಮುಗಿದ ಮೇಲೆ ಪೈಲ್ವಾನರು ನನ್ನ ಮೇಜಿನ ಹತ್ತಿರ ಬಂದು, “ಎಷ್ಟಾಯ್ತು ಮೇಷ್ಟ್ರೇ?” ಎಂದು ಕೇಳುತ್ತಿದ್ದರು. ಆಹಾ, ಎಂಥ ವಿನಯ, ತನ್ನ ಸಾಹಸದ ಲೆಕ್ಕವನ್ನೂ ಇಟ್ಟುಕೊಳ್ಳದ ಸ್ಥಿತಪ್ರಜ್ಞ ಎಂದು ನಾನು ಹತ್ತು ಕಡೆ ವರ್ಣಿಸಿದ್ದುಂಟು. ಮೂರನೆಯ ಕಾಯಿಯ ನಂತರ ಆ ಮನುಷ್ಯನಿಗೆ ಏನೂ ನೆನಪಿರುತ್ತಿರಲಿಲ್ಲ ಎಂಬುದು ನನ್ನಂಥ ಪಂಡಿತನಿಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಕುಣಿಗಲ್ ಕಡೆ ನನ್ನ ಷಡ್ಡಕರೊಬ್ಬರು ಕುದುರೆ ಪಳಗಿಸುತ್ತಿದ್ದರು. ಒಮ್ಮೆ ಅವರ ಹಟ್ಟಿಯಲ್ಲಿ ಕುದುರೆಯೊಂದು ಎಡವಿ ತಲೆ ಊರಿ ಬಿದ್ದದ್ದನ್ನು ಕಂಡೆ. ಅದನ್ನು ನೆರಳಿಗೆ ಕಟ್ಟಿದರು, ಸದ್ದು ಮಾಡಬೇಡಿರೆಂದು ಮಕ್ಕಳನ್ನು ಗದರಿಸಿದರು. ಮತ್ತೆ ಯಾವಾಗ ಹತ್ತುತ್ತೀರಿ ಎಂದು ಕೇಳಿದ್ದಕ್ಕೆ, “ತಲೆಗ್ ಬಿದ್ದಿರೋ ಕುದ್ರೇನ ಒಂದ್ ತಿಂಗ್ಳು ಯಾರೂ ಹತ್ತಲ್ಲ, ಬುಡಿ. ಅದು ಬಾಯಿಲ್ಲದ್ ಪ್ರಾಣಿ,” ಎಂದರು. ನಮ್ಮ ಪೈಲ್ವಾನರಿಗೆ ಬಾಯಿತ್ತು, ಅದೇ ಅವರ ದುರದೃಷ್ಟ. ಸರಿಯಾಗಿದೀನಿ ಎಂದು ಅವರು ಹೇಳುತ್ತಿದ್ದರು, ನಾವು ನಂಬುತ್ತಿದ್ದೆವು. ಕೋರ ಹಳ್ಳಿಯಿಂದ ಸಂತೆಗೆ ಮೊಟ್ಟೆ ತರುವ ಹೆಂಗಸು ಬುಟ್ಟಿಗೆ ಹುಲ್ಲು ಹಾಸಿ ಹೊತ್ತು ತರುತ್ತಾಳೆ. ಅಷ್ಟು ಬುದ್ಧಿ ಮೂರು ಊರಿನ ಗಣ್ಯರಿಗೆ ಇರಲಿಲ್ಲ, ಮೇಷ್ಟರಿಗಂತೂ ಮೊದಲೇ ಇರಲಿಲ್ಲ.

ನಲವತ್ತು ತುಂಬುವ ಮೊದಲೇ ಪೈಲ್ವಾನರು ಕುಸ್ತಿ ಬಿಟ್ಟರು. ಆಮೇಲೆ ಒಂದೊಂದೇ ಶುರುವಾಯಿತು. ಸೈಕಲ್ಲಿನ ಚಕ್ರ ಬಿಚ್ಚಿಟ್ಟು ಯಾಕೆ ಬಿಚ್ಚಿದೆನೆಂದು ಯೋಚಿಸುತ್ತ ಕೂರುವರು. ಮಾತು ತೊದಲಿತು, ನಡಿಗೆ ತೂರಾಡಿತು. ಎಂದೂ ದನಿ ಏರಿಸದ ಮನುಷ್ಯ ಹೆಂಡತಿಯ ಮೇಲೆ ನಟ್ಟು ಬಿಚ್ಚುವ ಪಾನಾ ಎಸೆದು, ಮರುಗಳಿಗೆ ಅವಳ ಕಾಲ ಬಳಿ ಕೂತು ಅತ್ತರಂತೆ. ಊರಿಗೆ ಇದನ್ನು ಅರ್ಥಮಾಡಿಕೊಳ್ಳಲು ಅರೆನಿಮಿಷವೂ ಬೇಕಾಗಲಿಲ್ಲ. ಪೈಲ್ವಾನ ಕುಡಿಯೋಕೆ ಹತ್ತವ್ನೆ ಎಂದುಬಿಟ್ಟಿತು. ಅವರ ತಲೆಯ ಮೇಲೊಡೆದ ಕಾಯಿಯ ಚೂರು ತಿಂದ ಬಾಯಿಗಳೇ ಹಾಗೆಂದವು. ಎಲುಬಿಲ್ಲದ ನಾಲಿಗೆ ಹೇಗೂ ಹೊರಳುತ್ತದೆ.

ನಾನು ಅವರನ್ನು ನಮ್ಮ ಬೀದಿಯ ಮುದಿ ಡಾಕ್ಟರ ಹತ್ತಿರ ಕರೆದೊಯ್ದೆ. ಹೊರಗೆ ಒಂದು ಗಾಯದ ಗುರುತೂ ಇಲ್ಲವಲ್ಲ ಸ್ವಾಮಿ ಎಂದು ನನ್ನ ವಾದ. ಡಾಕ್ಟರು ಒಳಗೆ ಹೋಗಿ, ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಿಸಿದ್ದ ಕಾಯಿಯೊಂದನ್ನು ತಂದು ನನ್ನ ಕಿವಿಯ ಪಕ್ಕ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡಿತು.

“ಚಿಪ್ಪು ನೆಟ್ಟಗೇ ಇದೆ ಅಲ್ವೇನ್ರೀ ಮೇಷ್ಟ್ರೇ? ಮೆದುಳನ್ನ ಬುರುಡೆಗೆ ಯಾರೂ ಮೊಳೆ ಹೊಡ್ದು ಕೂರಿಸಿಲ್ಲ. ಪ್ರತಿ ಏಟಿಗೂ ಒಳಗಡೆ ಅದೇ ಹೋಗಿ ಗೋಡೆಗೆ ಬಡ್ಕೊಳ್ಳುತ್ತೆ. ಒಂದು ಏಟು ಆರೋಕೆ ಮುಂಚೆ ಇನ್ನೊಂದು ಕೊಟ್ರಿ. ಈಗ ನನ್ ಹತ್ರ ಬಂದ್ರೆ ನಾನೇನ್ ಮಾಡ್ಲಿ?”

ಕೊಟ್ರಿ ಎಂದರು. ಕೊಟ್ಟರು ಎನ್ನಲಿಲ್ಲ. ನಾನು ತಲೆತಗ್ಗಿಸಿ ಎದ್ದು ಬಂದೆ.

ಅಷ್ಟರಲ್ಲಿ ಪೈಲ್ವಾನರ ಮಗಳು ಶಮೀಮಳಿಗೆ ಗುಬ್ಬಿಯಿಂದ ಸಂಬಂಧ ಬಂದಿತ್ತು. ಗಂಡಿನ ತಂದೆ ಚಪ್ಪಲಿ ಅಂಗಡಿಯ ಮರ್ಯಾದಸ್ಥರು. ಅಪ್ಪ ಕುಡುಕನಂತೆ ಎಂಬ ಮಾತು ಅವರ ಕಿವಿಗೆ ಬಿದ್ದು, ಗಂಡಿನ ಕಡೆಯವರು ಸುಮ್ಮನಾದರು. ಒಂದು ಮಧ್ಯಾಹ್ನ ಜೈಬುನ್ನೀಸಾ ನಮ್ಮ ಮನೆ ಜಗಲಿಗೆ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

“ಅವ್ರು ಗೆದ್ದಾಗ ಮೂರೂರಿಗೆ ಕೇಳೋ ಹಂಗೆ ಕೂಗ್ತಿದ್ರಿ ಮೇಷ್ಟ್ರೇ,” ಎಂದರು. “ಅವ್ರು ಕುಡಿಯಲ್ಲ ಅನ್ನೋದನ್ನೂ ಹಂಗೇ ಒಂದ್ಸಲ ಕೂಗ್ಬಿಡಿ. ಇನ್ನೇನೂ ಬ್ಯಾಡ.”

ಆ ಅವಕಾಶ ತಾನಾಗಿಯೇ ಒದಗಿತು. ಗುಬ್ಬಿಯಲ್ಲಿ ಹಳೆಯ ಪೈಲ್ವಾನರಿಗೆಲ್ಲ ಸನ್ಮಾನವೆಂದು ಕರೆ ಬಂತು. ಅಧ್ಯಕ್ಷರು ಕೊಬ್ಬರಿ ಮಂಡಿಯ ಯಜಮಾನರು, ಹಿಂದೆ ಪೈಲ್ವಾನರ ಆಟಕ್ಕೆ ಕಾಯಿ ಒದಗಿಸುತ್ತಿದ್ದವರು. ಎರಡು ಮಾತಾಡಬೇಕೆಂದು ನನಗೂ ಆಹ್ವಾನ. ಈ ಸಲ ಧ್ವನಿವರ್ಧಕವೇ ಇತ್ತು. ಮುಂದಿನ ಸಾಲಿನಲ್ಲಿ ಆ ಚಪ್ಪಲಿ ಅಂಗಡಿಯವರು ಕೂತಿದ್ದನ್ನು ಜೈಬುನ್ನೀಸಾ ನನಗೆ ಕಣ್ಣಲ್ಲೇ ತೋರಿಸಿದರು. ಹೇಳಬೇಕಾದ್ದನ್ನು ನಾನು ಬಸ್ಸಿನಲ್ಲಿ ಉದ್ದಕ್ಕೂ ಉರುಹೊಡೆದುಕೊಂಡು ಬಂದಿದ್ದೆ.

ಪೈಲ್ವಾನರಿಗೆ ಶಾಲು ಹೊದಿಸಿದರು. ಯಾಕೆ ಹೊದಿಸಿದರೆಂದು ತಿಳಿಯದೆ ಅವರು ಅದನ್ನು ತೆಗೆದು ಮಡಿಸಿ ವಾಪಸ್ಸು ಕೊಡಲು ಹೋದರು. ಜನ ನಕ್ಕರು. ಹಿಂದಿನಿಂದ ಯಾವನೋ, ಬೆಳಿಗ್ಗೇನೇ ಏರ್ಸವ್ನೆ ಕಣ್ಲಾ, ಎಂದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಅಧ್ಯಕ್ಷರಿಗೆ ಹಳೆಯ ವೈಭವ ನೆನಪಾಗಿ, ತಟ್ಟೆಯಲ್ಲಿದ್ದ ಫಲತಾಂಬೂಲದ ಕಾಯಿಯನ್ನು ಕೈಗೆತ್ತಿಕೊಂಡು, “ಒಂದೇ ಒಂದು, ನೆನಪಿಗೆ. ಎಣ್ಸಿ ಮೇಷ್ಟ್ರೇ,” ಎಂದರು. ಸಭೆ ಚಪ್ಪಾಳೆ ತಟ್ಟಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಅಧ್ಯಕ್ಷರನ್ನು ಝಾಡಿಸಲೆಂದೇ ಬಾಯಿ ತೆರೆದೆ. “ಒಂದು ಮಾತು ಹೇಳ್ತೀನಿ ಕೇಳಿ” ಎಂಬುದು ನನ್ನ ವಾಕ್ಯ. ಅದರ ಮೊದಲ ಪದ ಧ್ವನಿವರ್ಧಕದಲ್ಲಿ ಹೊರಟದ್ದೇ ತಡ, ಪೈಲ್ವಾನರು ಮಂಡಿಯೂರಿ ನೆತ್ತಿ ಮುಂದೆ ಮಾಡಿ ಕೂತರು.

ಹೆಂಡತಿಯ ಹೆಸರು ಕೆಲವು ದಿನ ನೆನಪಿರುತ್ತಿರಲಿಲ್ಲ ಅವರಿಗೆ. ಮಗಳನ್ನು ತಂಗಿ ಎನ್ನುತ್ತಿದ್ದರು. ನನ್ನ ‘ಒಂದು’ ಮಾತ್ರ ನೆನಪಿತ್ತು. ಬಗ್ಗಿದ ಆ ತಲೆಯನ್ನು ನೋಡಿ ನಾನು ಬಸ್ಸಿನಲ್ಲಿ ಕಲಿತದ್ದೆಲ್ಲ ಮರೆತೆ. ಅಧ್ಯಕ್ಷರ ಕೈಯಿಂದ ಕಾಯಿಯನ್ನು ಕಿತ್ತುಕೊಂಡೆ.

“ಇವರು ಜನ್ಮದಲ್ಲಿ ಹೆಂಡ ಮುಟ್ಟಿಲ್ಲ,” ಎಂದೆ. “ಇವರನ್ನ ಹೀಗೆ ಮಾಡಿದ್ದು ಈ ಕಾಯಿ. ತಂದೋರು ನೀವು, ಚಪ್ಪಾಳೆ ಹೊಡೆದೋರು ನೀವು, ಎಣಿಸಿದೋನು ನಾನು. ಇನ್ನೊಂದು ಒಡೀಲೇಬೇಕು ಅಂದ್ರೆ ನನ್ನ ಬೋಳುತಲೆ ಇದೆ, ಅಧ್ಯಕ್ಷರದ್ದೂ ಇದೆ. ಯಾರದು ಮೊದಲು ಹೇಳಿ.”

ಅಧ್ಯಕ್ಷರು ಪೇಟವನ್ನು ಭದ್ರವಾಗಿ ಒತ್ತಿಕೊಂಡದ್ದನ್ನು ಬಿಟ್ಟರೆ ವೇದಿಕೆಯಲ್ಲಿ ಏನೂ ಅಲುಗಲಿಲ್ಲ. ನೋಡಿ, ತನ್ನ ತಲೆಯ ಒಳಗೊಂದು ಮೆದುಳಿದೆ ಎಂಬುದು ಪ್ರತಿಯೊಬ್ಬನಿಗೂ ಗೊತ್ತೇ ಇದೆ, ಮರೆಯುವುದು ಪಕ್ಕದವನ ತಲೆಯ ವಿಷಯದಲ್ಲಿ. ಆಮೇಲೆ ಆ ಚಪ್ಪಲಿ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು, ಬಗ್ಗಿ ಕೂತಿದ್ದ ಪೈಲ್ವಾನರ ತೋಳು ಹಿಡಿದು ಎಬ್ಬಿಸಿ, ಶಾಲನ್ನು ಮತ್ತೆ ಹೊದಿಸಿದರು. ಏಳಿ ಬೀಗರೇ ಎಂದರಂತೆ. ನನಗೆ ಕೇಳಿಸಲಿಲ್ಲ, ಜೈಬುನ್ನೀಸಾಗೆ ಕೇಳಿಸಿತು.

ಕಾಯಿ ನನ್ನ ಕೈಯಲ್ಲೇ ತುಮಕೂರಿಗೆ ಬಂತು. ಜೈಬುನ್ನೀಸಾ ಅದನ್ನು ತಮ್ಮ ಮನೆಯ ಹಿತ್ತಲಿನ ಒಗೆಯುವ ಕಲ್ಲಿಗೆ ಬಡಿದು ಒಡೆದರು. ಜಗಲಿಯ ಮೇಲೆ ಕೂತಿದ್ದ ಪೈಲ್ವಾನರು ಆ ಸದ್ದಿಗೆ ಬೆಚ್ಚಿ, ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

“ಎಷ್ಟಾಯ್ತು ಮೇಷ್ಟ್ರೇ?”

ಮೂರು ಊರಿಗೆ ಕೇಳಿಸುವ ನನ್ನ ಗಂಟಲಿನಿಂದ ಅಂದು ಪಕ್ಕದಲ್ಲಿ ಕೂತವರಿಗೆ ಕೇಳಿಸುವಷ್ಟೇ ದನಿ ಬಂತು.

“ಮುಗೀತು ಪೈಲ್ವಾನ್ರೇ. ಇನ್ನು ಎಣ್ಸೋದಿಲ್ಲ.”