ಒಂದು ಹಾಳೆ ಕಡಿಮೆ

ಹೋದ ತಿಂಗಳು ಸೊಸೆ ಮೊಮ್ಮಗನಿಗೆ ಬಜೆ ತೇಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಸಾಣೆಕಲ್ಲಿನಿಂದ ಆ ಕಟುವಾದ ವಾಸನೆ ಬಂದಾಗ ಕೈಯಲ್ಲಿದ್ದ ಪುಟವನ್ನು ಮಡಚಿ ಕೆಳಗಿಟ್ಟೆ. ಕೂಸುಗಳಿರುವ ಮನೆಯಲ್ಲಿ ಬಜೆಯ ವಾಸನೆ ಹೊಸದಲ್ಲ. ನನಗೆ ಮಾತ್ರ ಅದು ಕೂಸಿನ ವಾಸನೆಯಾಗಿ ಯಾವತ್ತೂ ಬಂದಿಲ್ಲ. ಪುಸ್ತಕದ ವಾಸನೆಯಾಗಿ ಬರುತ್ತದೆ.

ಬಳ್ಳಾರಿ ಗುಡ್ಡದ ಕೆಳಗೆ ದಂಡಿನ ಕಾಲದ ಕಲ್ಲು ಕಟ್ಟಡವೊಂದರಲ್ಲಿ ಹಳೆಯ ಗ್ರಂಥಾಲಯವಿತ್ತು. ಊರಿನವರು ಅದನ್ನು ಪುಸ್ತಕದ ಬಂಗ್ಲೆ ಎನ್ನುತ್ತಿದ್ದರು. ಕಥೆ, ಕಾದಂಬರಿ ಅಲ್ಲಿ ಸಿಗುತ್ತಿರಲಿಲ್ಲ. ಹಳೆಯ ಕಡತ, ನಕ್ಷೆ, ತಾಳೆಗರಿ, ಶಾಸನದ ಪಡಿಯಚ್ಚು, ಇಂಥವೇ ಇದ್ದವು. ಯಾವುದನ್ನೂ ಮನೆಗೆ ಕೊಡುತ್ತಿರಲಿಲ್ಲ. ಚೀಟಿ ಬರೆದುಕೊಟ್ಟು, ಓದುಕೋಣೆಯ ಉದ್ದನೆಯ ತೇಗದ ಮೇಜಿನಲ್ಲಿ ಕುಳಿತು, ಪೆನ್ಸಿಲ್ಲಿನಿಂದ ಟಿಪ್ಪಣಿ ಮಾಡಿಕೊಂಡು ಹೋಗಬೇಕು. ಕಪಾಟುಗಳ ಸಂದಿಯಲ್ಲಿ ಹುಳ ಬಾರದಂತೆ ಬಜೆಯ ಚೂರುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿರುತ್ತಿದ್ದರು. ಆ ಗಂಟುಗಳನ್ನು ಕಟ್ಟುತ್ತಿದ್ದವರು ಓದುಕೋಣೆಯ ರಾಯರು.

ನಾನು ಅವರನ್ನು ಮೊದಲು ಕಂಡದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಆಗಷ್ಟೇ ಒಂದು ವಾರಪತ್ರಿಕೆ ಸೇರಿದ್ದೆ. ರಾಯರಿಗೆ ಐವತ್ತರ ಹತ್ತಿರ ಇರಬಹುದು. ಸ್ವಂತ ಮನೆ ಸಿರುಗುಪ್ಪದಲ್ಲಿತ್ತು, ಹೆಂಡತಿ ಅಲ್ಲಿದ್ದರು. ಇವರು ಕೌಲ್ ಬಜಾರಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಶನಿವಾರ ಸಂಜೆ ಸಿರುಗುಪ್ಪದ ಬಸ್ಸು ಹತ್ತಿದರೆ ಸೋಮವಾರ ಬೆಳಿಗ್ಗೆ ಬೂದಿ ಹಿಡಿದ ಕೋಟಿನಲ್ಲಿ ಬಂದು, ಮೊದಲು ಕೋಟು ಕೊಡವಿ, ಆಮೇಲೆ ಬಾಗಿಲು ತೆಗೆಯುತ್ತಿದ್ದರು.

ಬಳ್ಳಾರಿಯ ಬಿಸಿಲಿನಲ್ಲೂ ಆ ಕೋಣೆಯಲ್ಲಿ ಫ್ಯಾನು ಹಾಕುತ್ತಿರಲಿಲ್ಲ. ಹಳೆಯ ಕಾಗದದ ಅಂಚು ಪುಡಿಯಾಗಿ ಹಾರುತ್ತದೆ ಎಂದು. ಬೆವರು ಹಾಳೆಗೆ ತಾಗಬಾರದೆಂದು ಪ್ರತಿ ಓದುಗನಿಗೂ ಪುಸ್ತಕದ ಜೊತೆ ಒಂದು ಒದ್ದೆ ಮಾಡಿ ಹಿಂಡಿದ ಟವಲು ಕೊಡುತ್ತಿದ್ದರು. "ಕೈ ಒರಸ್ಕೊಳ್ರಿ" ಎನ್ನುವುದು ಅವರ ಮೊದಲ ಮಾತು. ತೀರ ಹಳೆಯ ಸಂಪುಟವಾದರೆ ಓದುಗ ಹಾಳೆ ಮುಟ್ಟುವಂತಿಲ್ಲ. ರಾಯರೇ ಪಕ್ಕದಲ್ಲಿ ನಿಂತು, ಬಿದಿರಿನ ತೆಳು ಸೀಳನ್ನು ಹಾಳೆಯ ಕೆಳಗೆ ತೂರಿಸಿ ತಿರುವುತ್ತಿದ್ದರು. ನಾವು "ಹೂಂ" ಅನ್ನಬೇಕು, ಅವರು ತಿರುವಬೇಕು.

ಎಲ್ಲಕ್ಕಿಂತ ಬೇಸರ ತರಿಸುತ್ತಿದ್ದುದು ಅವರ ಎಣಿಕೆ. ಪುಸ್ತಕ ಕೊಡುವಾಗ ಒಂದು ಸಲ, ವಾಪಸು ಪಡೆಯುವಾಗ ಒಂದು ಸಲ, ಮೊದಲಿಂದ ಕೊನೆಯವರೆಗೆ ಹಾಳೆ ಎಣಿಸುತ್ತಿದ್ದರು. ಮುಗಿಯುವವರೆಗೆ ಓದುಗ ಎದ್ದು ಹೋಗುವಂತಿರಲಿಲ್ಲ. ಅವರು ಆ ಮೇಜಿಗೆ ಬಂದಂದಿನಿಂದ ಒಂದು ಹಾಳೆಯೂ ಹೋಗಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದುದು ಅದೊಂದನ್ನೇ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಮದರಾಸು ಪ್ರಾಂತ ಒಡೆಯುವ ಮಾತು ಬಂತು. ಬಳ್ಳಾರಿ ಕನ್ನಡದ ಕಡೆಗೋ ತೆಲುಗಿನ ಕಡೆಗೋ ಎಂಬುದು ದಿನದ ಸುದ್ದಿಯಾಯಿತು. ಎರಡೂ ಕಡೆಯವರಿಗೆ ಪುರಾವೆ ಬೇಕಿತ್ತು. ಅಲ್ಲಿಯವರೆಗೆ ನಾಲ್ಕು ಜನ ಬಂದರೆ ಹೆಚ್ಚು ಎನ್ನುವಂತಿದ್ದ ಓದುಕೋಣೆಯಲ್ಲಿ ಕುರ್ಚಿ ಸಾಲದಾಯಿತು.

ಎಲ್ಲರೂ ಕೇಳುತ್ತಿದ್ದುದು ಒಂದೇ ಸಂಪುಟವನ್ನು. ಕಂಪನಿ ಕಾಲದಲ್ಲಿ ಯಾರೋ ಅಧಿಕಾರಿ ಕುರುಗೋಡಿನ ಸುತ್ತಿನ ಹಳ್ಳಿಗಳನ್ನು ತಿರುಗಿ, ಹಳ್ಳಿಗೊಂದು ಹಾಳೆಯಂತೆ ಇಂಗ್ಲಿಷಿನಲ್ಲಿ ಬರೆಸಿದ ಕೈಬರಹ ಅದು. ಬಾವಿ ಎಷ್ಟು, ಗುಡಿ ಯಾವುದು, ಜನ ಆಡುವ ಮಾತು ಯಾವುದು ಎಂದೆಲ್ಲ ಅದರಲ್ಲಿತ್ತು. ಇಬ್ಬರು ಅದಕ್ಕಾಗಿ ದಿನವೂ ಬರುತ್ತಿದ್ದರು. ಒಬ್ಬ ನಮ್ಮ ಕಡೆಯ ವಕೀಲರೊಬ್ಬರ ಗುಮಾಸ್ತ, ಕುರುಗೋಡಿನವನು, ಚುರುಕು ಮನುಷ್ಯ. ಇನ್ನೊಬ್ಬರು ತೆಲುಗಿನ ಕಡೆಗೆ ಟಿಪ್ಪಣಿ ಮಾಡುತ್ತಿದ್ದ ನಿವೃತ್ತ ಮೇಷ್ಟ್ರು. ಯಾರಿಗೆ ಮೊದಲು ಕೊಡಬೇಕು ಎಂಬ ಜಗಳ ಬಂದಾಗ ರಾಯರು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಸಂಪುಟವನ್ನು ನಡುವೆ ಇಟ್ಟರು. ಇಬ್ಬರೂ "ಹೂಂ" ಎಂದರೆ ಮಾತ್ರ ಹಾಳೆ ತಿರುಗುತ್ತಿತ್ತು.

"ಏನ್ರಿ ಮೇಷ್ಟ್ರೇ, ಕನ್ನಡ ಅಂತ ಬರದದ್ದು ಕಂಡ್ರ ನಿಮ್ಮ ಹೂಂ ಲಗೂನ ಬರ್ತೈತಿ" ಎಂದು ಗುಮಾಸ್ತ ಕೆಣಕುತ್ತಿದ್ದ.

"ನಿನಗ ತೆಲುಗು ಅಂತ ಬರದದ್ದು ಕಣ್ಣಿಗೇ ಬೀಳಂಗಿಲ್ಲ ನೋಡಪ್ಪಾ, ನಾನರ ಓದಿ ಹೂಂ ಅಂತೀನಿ" ಎನ್ನುತ್ತಿದ್ದರು ಮೇಷ್ಟ್ರು.

ಸಂಜೆ ಎಣಿಕೆ ಶುರುವಾದರೆ ಇಬ್ಬರೂ ಒಂದಾಗುತ್ತಿದ್ದರು. ಒಮ್ಮೆ ಮೇಷ್ಟ್ರು, "ನಿಮ್ಮ ಎಣಿಕಿ ಮುಗಿಯೋದ್ರಾಗ ಬಳ್ಳಾರಿ ಯಾವುದರ ಒಂದು ರಾಜ್ಯಕ್ಕ ಹೋಗಿಬಿಟ್ಟಿರ್ತೈತಿ ರಾಯರೇ" ಎಂದರು.

ರಾಯರು ತಲೆ ಎತ್ತಲಿಲ್ಲ. "ಊರು ಎಲ್ಲಿಗರ ಹೋಗ್ಲಿ ಮೇಷ್ಟ್ರೇ. ಹಾಳಿ ಇಲ್ಲೇ ಇರಬೇಕು" ಎಂದು, ಎಣಿಕೆ ತಪ್ಪಿತೆಂದು ಮತ್ತೆ ಮೊದಲಿನಿಂದ ಶುರು ಮಾಡಿದರು.

ಆ ಸಂಪುಟದಲ್ಲಿ ಒಂದು ಹಾಳೆ ಎರಡೂ ಕಡೆಗೆ ತೊಡಕಾಗಿತ್ತು. ಅಲ್ಲಿಯ ಹಳ್ಳಿಯೊಂದರ ಜನ ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ ಆಡುತ್ತಾರೆ, ಯಾವುದು ನಿಮ್ಮ ಮಾತು ಎಂದು ಕೇಳಿದರೆ ನಗುತ್ತಾರೆ ಎಂಬ ಅರ್ಥದಲ್ಲಿ ಆ ಅಧಿಕಾರಿ ಬರೆಸಿದ್ದ. ಮೇಷ್ಟ್ರಿಗೆ ಅದು ಅರ್ಧ ಉಪಯೋಗ. ಗುಮಾಸ್ತನಿಗೆ ಪೂರ್ತಿ ತಲೆನೋವು.

ಒಂದು ಮಧ್ಯಾಹ್ನ ಕೋಣೆ ತುಂಬಿತ್ತು, ಎಲ್ಲರೂ ತಂತಮ್ಮ ಹಾಳೆಗಳಲ್ಲಿ ಮುಳುಗಿದ್ದರು. ಮೇಷ್ಟ್ರಿಗೆ ಒಂದು ನಕ್ಷೆ ಬೇಕಾಗಿ ಅದನ್ನು ಹುಡುಕಲು ರಾಯರು ಅವರನ್ನು ಕರೆದುಕೊಂಡು ಹಿಂದಿನ ಕೋಣೆಗೆ ಹೋಗಬೇಕಾಯಿತು. ಮೇಜಿನಲ್ಲಿ ಗುಮಾಸ್ತನ ಎದುರು ಕುಳಿತಿದ್ದವನು ನಾನು.

"ನೀವು ಪೇಪರಿನವರು, ಕಣ್ಣು ಚುರುಕು ಇರ್ತಾವ. ಚೂರು ನೋಡ್ತಿರ್ರಿ" ಎಂದು ಬಿದಿರಿನ ಸೀಳನ್ನು ನನ್ನ ಮುಂದೆ ಇಟ್ಟು ಹೋದರು.

ಗುಮಾಸ್ತ ತನ್ನ ಹೆಗಲ ಮೇಲಿನ ವಲ್ಲಿಯ ಅಂಚಿನಿಂದ ಒಂದು ಎಳೆ ದಾರ ಕಿತ್ತ. ರಾಯರು ಕೊಟ್ಟ ಟವಲಿನಲ್ಲಿ ಅದನ್ನು ಒತ್ತಿ ಒದ್ದೆ ಮಾಡಿ, ಆ ಹಾಳೆಯ ಬುಡದಲ್ಲಿ, ಹೊಲಿಗೆಗೆ ತಾಗಿ, ಉದ್ದಕ್ಕೆ ಇಟ್ಟು ಸಂಪುಟ ಮುಚ್ಚಿದ. ಮೇಲೆ ಅಂಗೈ ಊರಿಕೊಂಡು ಕುಳಿತ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ತೆರೆದಾಗ, ದಾರದ ಗೆರೆಯಲ್ಲಿ ನೆನೆದಿದ್ದ ಹಾಳೆ ಸದ್ದಿಲ್ಲದೆ ಕೈಗೆ ಬಂತು. ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ. ಆಮೇಲೆ ನನ್ನ ಮುಖ ನೋಡಿದ.

"ನಮ್ಮೂರು ನಮಗ ಉಳೀಲಿ ಅಂತ, ಅಷ್ಟರಿ" ಎಂದ. ಬೇಡಿಕೊಂಡ ಹಾಗೂ ಇರಲಿಲ್ಲ, ಬೆದರಿಸಿದ ಹಾಗೂ ಇರಲಿಲ್ಲ.

ನಮ್ಮ ಪತ್ರಿಕೆಯ ನಿಲುವೂ ಅದೇ ಆಗಿತ್ತು. ನನ್ನದೂ. ಆದರೆ ನಾನು ಸುಮ್ಮನಿದ್ದದ್ದು ನಿಲುವಿನಿಂದಲೋ, ಎದ್ದು ನಿಂತು ಕೂಗಲು ಆಲಸ್ಯವಾಗಿಯೋ... ಇಷ್ಟು ವರ್ಷದ ಮೇಲೆ ಖಚಿತವಾಗಿ ಹೇಳಲಾರೆ.

ರಾಯರು ನಕ್ಷೆ ಹೊತ್ತು ಬಂದಾಗ ಗುಮಾಸ್ತ ಎದ್ದು ನಿಂತಿದ್ದ. ಕುರುಗೋಡಿನ ಬಸ್ಸು ತಪ್ಪುತ್ತದೆ ಎಂದ. ರಾಯರು ಸಂಪುಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹೋಗ್ರಿ, ಇವರು ಅದಾರಲ್ಲ" ಎಂದರು. ಎಣಿಸದೆ ಅವರು ಒಬ್ಬ ಓದುಗನನ್ನು ಕಳಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆ ಎಣಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಮೇಷ್ಟ್ರು ಪಕ್ಕದಲ್ಲಿ ನಿಂತು ಅಂಕಿ ಹೇಳಿದರು.

"ಒಂದು ಹಾಳಿ ಕಮ್ಮಿ ಐತಿ" ಎಂದರು ರಾಯರು. ನಂತರ ನನ್ನ ಕಡೆ ತಿರುಗಿ, "ನೀವೇನರ ಕಂಡ್ರೇನ್ರಿ?" ಎಂದರು.

"ಇಲ್ಲ ರಾಯರೇ, ಏನೂ ಕಾಣಲಿಲ್ಲ" ಎಂದೆ.

ಅವರು ತಲೆಯಾಡಿಸಿ ಓದುಗರ ರಿಜಿಸ್ಟರು ತೆಗೆದು ಏನೋ ಬರೆದರು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ನಾನೇ ಆ ಸುದ್ದಿ ಬರೆದೆ. ಆರು ಸಾಲು. ಹಾಳೆ ಇಲ್ಲವಾಗಿದೆ, ಗ್ರಂಥಾಲಯದ ಕಮಿಟಿ ವಿಚಾರಿಸಲಿದೆ ಎಂದು. ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ಸಂಪಾದಕರು ಅಲ್ಪವಿರಾಮವನ್ನೂ ಮುಟ್ಟದೆ ಅಚ್ಚಿಗೆ ಕಳಿಸಿದರು.

ಕಮಿಟಿಯ ಸಭೆಗೆ ವರದಿಗಾರನಾಗಿ ಹೋಗಿದ್ದೆ. ಮೊದಲು ಮೇಷ್ಟ್ರ ಮೇಲೆ ಮಾತು ಬಂತು. "ಅವರಿಗೆ ಆ ಹಾಳಿ ಬೇಕಾಗಿತ್ರಿ. ಬೇಕಾದವರು ಅದನ್ನ ಪುಸ್ತಕದಾಗ ಉಳಸ್ತಾರ" ಎಂದರು ರಾಯರು. ಆಗ ಒಬ್ಬರು, ರಾಯರ ಹೆಂಡತಿಯ ತವರು ಆದೋನಿಯಲ್ಲವೇ, ಮನೆಯಲ್ಲಿ ತೆಲುಗು ಆಡುವವರಲ್ಲವೇ ಎಂದರು. ರಾಯರು, "ಎಣಸದ ಬಿಟ್ಟಾವ ನಾನು. ತಪ್ಪು ನಂದು" ಎಂದಷ್ಟೇ ಹೇಳಿದರು. ಯಾರನ್ನು ಕಾಯಲು ಕೂರಿಸಿ ಹೋಗಿದ್ದೆ ಎಂಬುದನ್ನು ಹೇಳಲಿಲ್ಲ. ನಾನು ಮೂರು ಮಾರು ದೂರದಲ್ಲಿ ಕುಳಿತು ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಿದ್ದೆ.

ಅವರನ್ನು ಕೆಲಸದಿಂದ ಬಿಡಿಸಿದರು. ಕಪಾಟುಗಳನ್ನು ಒಪ್ಪ ಮಾಡಿ ಹೋಗಲು ಒಂದು ವಾರ ಕೇಳಿದರಂತೆ, ಕೊಟ್ಟರು. ಮೇಷ್ಟ್ರು ಮತ್ತೆ ಆ ಮೇಜಿಗೆ ಬರಲಿಲ್ಲ. ಬಳ್ಳಾರಿ ನಮ್ಮ ಕಡೆಗೇ ಉಳಿಯಿತು. ಆ ಹಾಳೆ ಇದ್ದಿದ್ದರೂ ಉಳಿಯುತ್ತಿತ್ತು ಎಂದು ಆ ವಿಚಾರ ಬಲ್ಲವರು ಆಮೇಲೆ ಹೇಳಿದರು. ಸಂತೋಷದ ಸಭೆಗಳಲ್ಲಿ ಗುಮಾಸ್ತನಿಗೂ ಒಂದು ಹಾರ ಬಿತ್ತು. ಅದನ್ನೂ ವರದಿ ಮಾಡಿದೆ.

ಮಾರನೆಯ ವರ್ಷ ಭತ್ತದ ಸುದ್ದಿಗೆಂದು ಸಿರುಗುಪ್ಪಕ್ಕೆ ಹೋದಾಗ ರಾಯರ ಮನೆ ಹುಡುಕಿಕೊಂಡು ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ಅವರು ಇಳಿದುಹೋಗಿದ್ದರು. ಬಚ್ಚಲಲ್ಲಿ ಕೈಕಾಲು ತೊಳೆದು ಬಂದರೆ ಬಾಗಿಲಲ್ಲಿ ಟವಲು ಹಿಡಿದು ನಿಂತಿದ್ದರು.

"ಕೈ ಒರಸ್ಕೊಳ್ರಿ" ಎಂದರು.

ಅವರ ಹೆಂಡತಿ ಅವಲಕ್ಕಿ ತಂದಿಟ್ಟರು. ಭತ್ತದ ಮಾತು, ಹೊಳೆಯ ಮಾತು ಆಯಿತು. ಬಹಳ ಹೊತ್ತಿನ ಮೇಲೆ ರಾಯರು, "ಅಲ್ಲಿ ಈಗ ಎಣಸ್ತಾರೇನ್ರಿ?" ಎಂದರು.

"ಇಲ್ಲ. ಚೀಟಿ ನೋಡಿ ವಾಪಸು ತಗೋತಾರ."

"ಎಣಸ್ಬೇಕ್ರಿ" ಎಂದು ಸುಮ್ಮನಾದರು. ಆ ಮೌನ ನನಗಾಗಿ ಬಿಟ್ಟದ್ದು ಎಂದು ಆಗಲೇ ತಿಳಿದಿತ್ತು. ಬಾಯಿ ತೆರೆದೆನೋ ಇಲ್ಲವೋ... ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಎದ್ದೆ. ಅವರು ಇನ್ನೂ ಸ್ವಲ್ಪ ಕೂರಿ ಎನ್ನಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೆಲವು ವರ್ಷಗಳ ಮೇಲೆ ನನ್ನ ಮೇಜಿಗೇ ಬಂತು. ನಾಲ್ಕು ಸಾಲಿತ್ತು. ಜಾಗವಿಲ್ಲವೆಂದು ಎರಡು ಸಾಲು ಮಾಡಿದೆ.

ಬಜೆಯ ವಾಸನೆ ಬಂದ ಮರುದಿನ ಗಾಂಧಿನಗರದ ಮನೆಯಿಂದ ಆಟೋ ಹಿಡಿದು ಆ ಕಟ್ಟಡಕ್ಕೆ ಹೋದೆ. ಓದುಕೋಣೆಯ ಅರ್ಧ ಈಗ ಯಾವುದೋ ಕಚೇರಿ. ಉಳಿದ ಅರ್ಧದಲ್ಲಿ ಅದೇ ಮೇಜು, ಮೇಲೆ ಫ್ಯಾನು ತಿರುಗುತ್ತಿತ್ತು. ಚೀಟಿ ಬರೆದುಕೊಟ್ಟೆ. ಆ ಸಂಪುಟ ಕೇಳಿದವರು ಯಾರೂ ಇಲ್ಲವೆಂದು ಹೇಳಿ, ಅಲ್ಲಿದ್ದ ಹೆಣ್ಣುಮಗಳು ಹುಡುಕಿ ತಂದಳು. ಎಣಿಸದೆ ನನ್ನ ಮುಂದಿಟ್ಟು ಹೋದಳು. ಫ್ಯಾನು ನಿಲ್ಲಿಸಲು ಕೇಳಿ, ಕರವಸ್ತ್ರದಿಂದ ಕೈ ಒರೆಸಿಕೊಂಡು ತೆರೆದೆ.

ಹಾಳೆ ಹೋದ ಕಡೆ ಅದೇ ಅಳತೆಗೆ ಕತ್ತರಿಸಿದ ಬೇರೆ ಹಾಳೆಯೊಂದನ್ನು ಹೊಲಿದಿದ್ದರು. ರಾಯರ ಅಕ್ಷರ. ಬಾವಿ, ಗುಡಿ, ಮನೆಯ ಮಾತು, ಹೊಲದ ಮಾತು, ಜನ ನಕ್ಕದ್ದು, ಎಲ್ಲ ಇತ್ತು. ಆ ತಿಂಗಳುಗಳಲ್ಲಿ ನಮ್ಮ ಹೆಗಲ ಪಕ್ಕ ನಿಂತು ಎಷ್ಟು ಸಲ ಅದನ್ನು ತಿರುವಿದ್ದರೋ. ಕೆಳಗೆ ಕನ್ನಡದಲ್ಲಿ ಹೀಗೆ ಬರೆದಿದ್ದರು: ಮೂಲ ಹಾಳೆ ಹೋಗಿದೆ. ಇದು ನೆನಪಿನಿಂದ ಬರೆದದ್ದು. ಇದನ್ನು ಯಾರೂ ಮೂಲವೆಂದು ನಂಬಬಾರದು.

ಹಿಂಬದಿಯಲ್ಲಿ ಆ ದಿನ ಮೇಜಿನಲ್ಲಿ ಈ ಸಂಪುಟದ ಹತ್ತಿರ ಇದ್ದವರ ಪಟ್ಟಿ ಇತ್ತು. ಮೇಷ್ಟ್ರು, ನಕ್ಷೆಗಾಗಿ ಹಿಂದಿನ ಕೋಣೆಯಲ್ಲಿದ್ದರು. ವಕೀಲರ ಗುಮಾಸ್ತ, ಎಣಿಕೆಗೆ ಮೊದಲು ಹೋದರು. ಮೂರನೆಯದು ನನ್ನ ಹೆಸರು, ಪತ್ರಿಕೆಯವರು, ಏನೂ ಕಾಣಲಿಲ್ಲ ಎಂದರು.

ಆರೋಪವಿರಲಿಲ್ಲ. ವಿಶೇಷಣವಿರಲಿಲ್ಲ. ನಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿದ್ದರು. ನಲವತ್ತು ವರ್ಷ ಸುದ್ದಿ ಬರೆದು ತಿದ್ದಿದವನು ನಾನು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಪೆನ್ಸಿಲ್ಲು ಜೇಬಿನಲ್ಲಿತ್ತು. ಆದರೆ ಆ ಕೋಣೆಯ ಪುಸ್ತಕಗಳಲ್ಲಿ ಓದುಗರು ಏನನ್ನೂ ಬರೆಯುವಂತಿಲ್ಲ... ಮೊದಲಿಂದ ಕೊನೆಯವರೆಗೆ ಹಾಳೆ ಎಣಿಸಿದೆ. ಬಹಳ ಹೊತ್ತು ಹಿಡಿಯಿತು. ರಟ್ಟಿನ ಒಳಬದಿಯಲ್ಲಿ ರಾಯರು ಬರೆದಿಟ್ಟ ಲೆಕ್ಕಕ್ಕೆ ಸರಿಯಿತ್ತು. ಸಂಪುಟ ಒಪ್ಪಿಸಿ ಮನೆಗೆ ಬಂದು, ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಕಂಡಿದ್ದೆ, ರಾಯರೇ.